ಅನುಬಂಧ ನಾಲ್ಕರಲ್ಲಿ ನನ್ನ ಅಕ್ಕ

ಮಾನ್ಯ ಸಂಸತ್ ಸದಸ್ಯರೇ, ಕಾರ್ಮಿಕ ಸುರಕ್ಷತಾ ಸಮಿತಿಯ ಅಧ್ಯಕ್ಷರೇ,

ತಮ್ಮ ಸಮಿತಿ ಕಳೆದ ತಿಂಗಳು ಮಂಡಿಸಿದ ವರದಿಯ ನಾಲ್ಕನೇ ಅನುಬಂಧದಲ್ಲಿ, ತೊಂಬತ್ತಾರನೇ ಪುಟದಲ್ಲಿ, ನನ್ನ ಅಕ್ಕ ‘ಸ್ವಂತ ಅಜಾಗರೂಕತೆಯಿಂದಾಗಿ’ ಬಲಗೈ ಕಳೆದುಕೊಂಡಳು ಎಂದು ಅಚ್ಚಾಗಿದೆ. ವರದಿಯ ಕೊನೆಗೆ ತಮ್ಮ ಸಹಿ ಇದೆ. ಆ ಮಾತು ಸುಳ್ಳು. ಸುಳ್ಳೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಆ ಯಂತ್ರದ ಉರುಳೆಗಳ ನಡುವಿನಿಂದ ಆ ಕೈಯನ್ನು ಬಿಡಿಸಿದವರು ತಾವೇ.

‘ತಾವು’ ಎಂದು ಬರೆಯುವಾಗ ನನ್ನ ಪೆನ್ನು ತಡವರಿಸುತ್ತದೆ. ನನಗಿಂತ ಮೂರು ವರ್ಷ ಚಿಕ್ಕವರಾದ ನಿಮ್ಮನ್ನು ನಾನು ‘ಲೋ ಗಂಟಲು’ ಎಂದು ಕೂಗಿ ಕರೆದಿದ್ದೇನೆ, ತಲೆಗೆ ಮೊಟಕಿದ್ದೇನೆ, ಹಬೆ ಹೊಡೆದು ಕಣ್ಣು ಉರಿಯುತ್ತಿದ್ದಾಗ ನಿಮ್ಮ ಮುಖಕ್ಕೆ ತಣ್ಣೀರು ಎರಚಿದ್ದೇನೆ. ಆದರೆ ಇದು ಊರೆಲ್ಲ ಓದುವ ಪತ್ರ, ನಿಮ್ಮ ಸ್ಥಾನಕ್ಕೆ ಮರ್ಯಾದೆ ಇದೆ. ಹಾಗಾಗಿ ‘ನೀವು’ ಎಂಬಲ್ಲಿಗೆ ರಾಜಿಯಾಗುತ್ತೇನೆ. ರಾಜಿಯಾಗುವುದು ಹೇಗೆಂದು ಕಲಿಯಲು ನನ್ನ ಕ್ಷೇತ್ರದಲ್ಲೇ ಒಳ್ಳೆಯ ಗುರುಗಳಿದ್ದಾರೆ.

ನಿಮ್ಮನ್ನು ಅರಿಯದ ಓದುಗರಿಗೆ ನಿಮ್ಮ ಪರಿಚಯ ಮಾಡಿಕೊಡಬೇಕು. ಸಂಸತ್ತು ಈ ವರ್ಷ ಹೊರತಂದ ಸದಸ್ಯರ ಪರಿಚಯ ಪುಸ್ತಕದಲ್ಲಿ ನಿಮಗೆ ಒಂದು ಪುಟ ಸಿಕ್ಕಿದೆ. ‘ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದುಡಿದು, ದುಡಿಯುವವರ ದನಿಯಾಗಿ ಬೆಳೆದ ಎಡಪಂಥೀಯ ನಾಯಕ’ ಎಂದು ಅದು ಶುರುವಾಗುತ್ತದೆ. ಆ ವಾಕ್ಯ ನನ್ನದು. ಇಪ್ಪತ್ತೆರಡು ವರ್ಷಗಳ ಹಿಂದೆ ನೀವು ಮೊದಲ ಸಲ ಸಂಸತ್ತಿಗೆ ಸ್ಪರ್ಧಿಸಿದಾಗ ಹಂಚಿದ ಕರಪತ್ರಕ್ಕೆ ನಾನು ಬರೆದದ್ದು. ಅಲ್ಲಿಂದ ಇಲ್ಲಿಗೆ ಒಂದು ಅಲ್ಪವಿರಾಮವನ್ನೂ ಬದಲಿಸದೆ ಬಂದಿದೆ. ನಿಮ್ಮಲ್ಲಿ ಬದಲಾಗದೆ ಉಳಿದದ್ದು ಅದೊಂದೇ ಇರಬೇಕು.

ಆ ಪುಟದಲ್ಲಿ ಜಾಗ ಸಿಗದೆ ಹೋದದ್ದನ್ನು ಹೇಳುತ್ತೇನೆ. ನಿಮ್ಮ ಅಪ್ಪ ವಾರ್ಡುಗಳಿಂದ ಕೊಳೆ ಬಟ್ಟೆಯ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಆ ಗಾಡಿಯ ಒಂದು ಚಕ್ರ ಸದಾ ಕಿರುಗುಡುತ್ತಿತ್ತು. ಎಣ್ಣೆ ಬಿಡಿ ಎಂದರೆ, “ಶಬ್ದ ಇದ್ರೆ ಡಾಕ್ಟರು ದಾರಿ ಬಿಡ್ತಾರಮ್ಮ, ಇಲ್ದಿದ್ರೆ ನಾನು ಕಾಣಲ್ಲ ಅವರಿಗೆ” ಅನ್ನುತ್ತಿದ್ದರು. ನಿಮ್ಮ ಅಮ್ಮ ಹೊಲಿಗೆ ಕೋಣೆಯಲ್ಲಿ ರೋಗಿಗಳ ಅಂಗಿಗೆ ಲಾಡಿ ಹಚ್ಚುತ್ತಿದ್ದರು. ನೀವು ಹತ್ತನೇ ತರಗತಿ ಮುಗಿಸಿ, ಹದಿನೆಂಟಕ್ಕೆ ಬಾಯ್ಲರ್ ಕೋಣೆಗೆ ಬಂದಿರಿ. ಹನ್ನೆರಡು ಒಗೆಯುವ ಯಂತ್ರಗಳು ಒಟ್ಟಿಗೆ ತಿರುಗುವ ಆ ಸದ್ದಿನಲ್ಲಿ ನಮಗೆ ಕೈಸನ್ನೆಯೇ ಮಾತು. ನಿಮ್ಮೊಬ್ಬರ ದನಿ ಮಾತ್ರ ಆ ಕೊನೆಯಿಂದ ಈ ಕೊನೆಗೆ ಕೇಳುತ್ತಿತ್ತು. ಹಾಗಾಗಿ ‘ಗಂಟಲು’ ಎಂಬ ಹೆಸರು. ಟೀ ವಿರಾಮದಲ್ಲಿ ಪಕ್ಷದ ಪತ್ರಿಕೆಯನ್ನು ನಮಗೆ ಓದಿ ಹೇಳುತ್ತಿದ್ದಿರಿ. ಅರ್ಧ ನಮಗೆ ಅರ್ಥವಾಗುತ್ತಿರಲಿಲ್ಲ, ಇನ್ನರ್ಧ ನಿಮಗೂ ಆಗುತ್ತಿರಲಿಲ್ಲ. ಆದರೂ ‘ನಾವು’ ಎಂಬ ಶಬ್ದ ಬಂದಾಗಲೆಲ್ಲ ನೀವು ತಲೆ ಎತ್ತಿ ನಮ್ಮನ್ನು ನೋಡುತ್ತಿದ್ದಿರಿ. ಅಷ್ಟು ಸಾಕಾಗಿತ್ತು.

ಅಕ್ಕ ದೊಡ್ಡ ಇಸ್ತ್ರಿ ಯಂತ್ರದಲ್ಲಿದ್ದಳು. ಒದ್ದೆ ಹೊದಿಕೆಯ ಎರಡು ತುದಿ ಹಿಡಿದು, ಕಾದ ಉರುಳೆಗಳ ಬಾಯಿಗೆ ನೇರವಾಗಿ ಕೊಡಬೇಕು. ಅದು ಎಳೆದುಕೊಂಡು, ಆಚೆ ಕಡೆ ಗರಿಗರಿಯಾಗಿ ಹೊರಗೆ ಬಿಡುತ್ತದೆ. ಬಾಯಿಯ ಮುಂದೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ನಾವು ಅದಕ್ಕೆ ತಡೆ ಎನ್ನುತ್ತೇವೆ. ಬೆರಳು ತಾಗಿದರೆ ಸಾಕು, ಯಂತ್ರ ನಿಲ್ಲಬೇಕು. ನಮ್ಮ ಯಂತ್ರದ ತಡೆ ಹಳೆಯದಾಗಿತ್ತು, ಹೊದಿಕೆಯ ಅಂಚು ತಾಗಿದರೂ ನಿಂತುಬಿಡುತ್ತಿತ್ತು. ಗಂಟೆಗೆ ಹತ್ತು ಸಲ ನಿಂತರೆ ಕೆಲಸ ಸಾಗುವುದು ಹೇಗೆ? ಮೇಲ್ವಿಚಾರಕರು ಹರಿದ ಹೊದಿಕೆಯ ಒಂದು ಪಟ್ಟಿಯಿಂದ ಆ ತಡೆಯನ್ನು ಮೇಲಕ್ಕೆ ಎತ್ತಿ ಕಟ್ಟಿಸಿದರು. ಒಂಬತ್ತು ದಿನ ಅದು ಹಾಗೇ ಇತ್ತು. ಮೊದಲನೇ ದಿನವೇ ನೀವು ದೋಷಗಳ ಪುಸ್ತಕದಲ್ಲಿ ‘ತಡೆ ಕಟ್ಟಲಾಗಿದೆ, ಬಿಚ್ಚಿ ರಿಪೇರಿ ಮಾಡಬೇಕು’ ಎಂದು ನಿಮ್ಮ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಿರಿ. ಅದನ್ನು ಓದಬೇಕಾದವರು ಓದಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕನ ಕೈ ಹೊದಿಕೆಯ ಜೊತೆ ಒಳಗೆ ಹೋಯಿತು. ನಾನು ಎರಡು ಹೆಜ್ಜೆ ದೂರದಲ್ಲಿ ಮಡಚುವ ಮೇಜಿನ ಮುಂದಿದ್ದೆ. ಅವಳು ಕಿರುಚಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಂತ್ರಗಳ ಸದ್ದು ಹಾಗಿತ್ತು. ಅವಳ ಬಾಯಿ ತೆರೆದಿತ್ತು. ನಾನು ಮಡಚುತ್ತಿದ್ದ ಹೊದಿಕೆಯನ್ನು ಹಿಡಿದೇ ನಿಂತಿದ್ದೆ. ನಿಮ್ಮ ದನಿ ಕೇಳಿಸಿತು, “ಹಬೆ ನಿಲ್ಸಿ! ಹಬೆ ನಿಲ್ಸಿ!” ಎಂದು. ನೀವೇ ಓಡಿ ಕವಾಟ ತಿರುಗಿಸಿ, ಓಡಿ ಬಂದು, ಮೆಕ್ಯಾನಿಕ್ಕಿನ ಜೊತೆ ಉರುಳೆಯನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿದಿರಿ. ನಿಮ್ಮ ಮುಂಗೈಯ ಚರ್ಮ ಆ ಲೋಹಕ್ಕೆ ಅಂಟಿ ಬಂತು. ಬಿಡಲಿಲ್ಲ ನೀವು. ಅವತ್ತು ನೀವಿರದಿದ್ದರೆ ಅಕ್ಕನ ಕೈ ಮಣಿಕಟ್ಟಿನವರೆಗೆ ಹೋಗುವ ಬದಲು ಭುಜದವರೆಗೆ ಹೋಗುತ್ತಿತ್ತು. ಬಹುಶಃ ಅಕ್ಕನೇ ಹೋಗುತ್ತಿದ್ದಳು. ಇದನ್ನು ನಾನು ನಿಮ್ಮ ಶತ್ರುಗಳ ಮುಂದೆಯೂ ಹೇಳುತ್ತೇನೆ. ನಿಮ್ಮನ್ನು ಬೈಯುವುದು ಸುಲಭದ ಕೆಲಸವಾಗಿದ್ದರೆ ನನಗೆ ಇಷ್ಟು ಉದ್ದದ ಪತ್ರ ಬೇಕಾಗುತ್ತಿರಲಿಲ್ಲ.

ಆಡಳಿತದವರು ಮೂರು ಜನ ಅಧಿಕಾರಿಗಳ ವಿಚಾರಣೆ ನಡೆಸಿದರು. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ‘ಕೆಲಸಗಾರ್ತಿಯ ಸ್ವಂತ ಅಜಾಗರೂಕತೆ’ ಎಂದು ಬರೆದರು. ನೀವು ಆ ಕಾಗದವನ್ನು ಗೇಟಿನ ಮುಂದೆ, ಒಗೆದ ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ನಿಂತು, ಜೋರಾಗಿ ಓದಿದಿರಿ. ಓದಿ, “ಈ ಸಾಲಿಗೆ ಯಾರ್ಯಾರು ಒಪ್ತೀರಿ, ಅವರು ಒಳಗೆ ಹೋಗಿ ಕೆಲಸ ಮಾಡಿ. ಒಪ್ಪದವರು ಇಲ್ಲೇ ನಿಲ್ಲಿ” ಎಂದಿರಿ. ನೂರಾ ಎಪ್ಪತ್ತು ಜನರಲ್ಲಿ ಒಬ್ಬರೂ ಒಳಗೆ ಹೋಗಲಿಲ್ಲ.

ನಲವತ್ತೊಂದು ದಿನ ಮುಷ್ಕರ ನಡೆಯಿತು. ಆಪರೇಷನ್ ಕೋಣೆಯ ಬಟ್ಟೆಯನ್ನೂ ನಿಲ್ಲಿಸಿದರೆ ಎರಡೇ ದಿನಕ್ಕೆ ಆಡಳಿತ ಮಣಿಯುತ್ತದೆ ಎಂದು ಕೆಲವರು ಹಟ ಹಿಡಿದರು. ನೀವು ಒಪ್ಪಲಿಲ್ಲ. “ಒಳಗೆ ಹೊಟ್ಟೆ ಕುಯ್ಸಿಕೊಂಡು ಮಲಗಿರೋರು ನಮ್ಮ ಹಂಗೇ ಇರೋ ಜನ. ಅವರನ್ನ ತೋರಿಸಿ ಹೆದರಿಸೋದಾದ್ರೆ ನಾನು ಈ ಬುಟ್ಟಿಯಿಂದ ಇಳೀತೀನಿ” ಎಂದಿರಿ. ಹಾಗಾಗಿ ಆ ನಲವತ್ತೊಂದು ದಿನವೂ ಆಪರೇಷನ್ ಬಟ್ಟೆಯನ್ನು ನಾವು ಹಿತ್ತಲಿನ ತೊಟ್ಟಿಯಲ್ಲಿ, ಕೈಯಲ್ಲೇ, ಸಂಬಳವಿಲ್ಲದೆ ಒಗೆದುಕೊಟ್ಟೆವು. ಕೊನೆಗೆ ಎರಡನೇ ವಿಚಾರಣೆ ನಡೆಯಿತು, ಈ ಸಲ ಹೊರಗಿನವರಿಂದ. ದೋಷಗಳ ಪುಸ್ತಕವನ್ನು ನೀವು ಅವರ ಮೇಜಿನ ಮೇಲೆ ಬಿಚ್ಚಿಟ್ಟಿರಿ. ತಡೆಯನ್ನು ಕಟ್ಟಲಾಗಿತ್ತು, ತಪ್ಪು ಆಡಳಿತದ್ದು ಎಂದು ಅವರು ಬರೆದರು, ಮೊದಲ ವರದಿಯನ್ನು ರದ್ದು ಮಾಡಿದರು. ಅಕ್ಕನ ಮೇಲಿದ್ದ ಆ ಒಂದು ಸಾಲು ಅಳಿಸಿಹೋಯಿತು. ಹಾಗೆಂದು ನಾವು ಇಷ್ಟು ವರ್ಷ ನಂಬಿಕೊಂಡಿದ್ದೆವು.

ಚುನಾವಣೆ ಬಂದಾಗ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸುಟ್ಟ ಮುಂಗೈಯ ವಿಷಯ ಬರೆದಿದ್ದೆ, ನೀವು ಅದನ್ನು ಹೊಡೆದುಹಾಕಿದಿರಿ. “ಬೇಡ ಚಿಕ್ಕಕ್ಕ, ನಾಚಿಕೆ ಆಗುತ್ತೆ. ಕೈ ಹೋಗಿದ್ದು ದೊಡ್ಡಕ್ಕಂದು” ಎಂದಿರಿ. ಹಾಗಾದರೆ ದೊಡ್ಡಕ್ಕನ ಕತೆಯನ್ನೇ ಹಾಕೋಣ ಎಂದು ನಾನು ಹೊರಟೆ. ಅಕ್ಕ ಒಪ್ಪಲಿಲ್ಲ. “ನನ್ನ ಕೈ ಭಾಷಣಕ್ಕಲ್ಲ ಕಣೇ” ಎಂದು ಮುಖ ತಿರುಗಿಸಿದಳು. ಮೂರು ದಿನ ನಾನು ಅವಳ ಬೆನ್ನು ಬಿಡಲಿಲ್ಲ. ಅವನು ಗೆದ್ದರೆ ಕಾನೂನು ತರುತ್ತಾನೆ, ಇನ್ನೊಬ್ಬಳ ಕೈ ಉಳಿಯುತ್ತದೆ, ನಿನಗೆ ಬೇಡವಾ ಎಂದು ಪೀಡಿಸಿದೆ. ಕೊನೆಗೆ ಅವಳು, “ಅವನು ಹೇಳ್ತಾನೆ ಅಂದ್ರೆ ಹೇಳ್ಲಿ. ಬೇರೆ ಯಾರೂ ಹೇಳಬಾರ್ದು” ಎಂದಳು. ಈ ಪತ್ರದಲ್ಲಿ ನಾನು ನಿಮ್ಮನ್ನು ಕೇಳುವ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ನನಗೊಂದು ಪ್ರಶ್ನೆ ಇದೆ: ಅವಳನ್ನು ಒಪ್ಪಿಸಿದವಳು ಯಾರು?

ಮೊದಲ ಸಲ ಸೋತಿರಿ, ಮುಂದಿನ ಸಲ ಗೆದ್ದಿರಿ. ಸದನದಲ್ಲಿ ನಿಮ್ಮ ಮೊದಲ ಭಾಷಣ ಹನ್ನೊಂದು ನಿಮಿಷದ್ದು. ನಾವು ಇಸ್ತ್ರಿ ವಿಭಾಗದವರೆಲ್ಲ ಹೊಲಿಗೆ ಕೋಣೆಯ ರೇಡಿಯೋ ಸುತ್ತ ನಿಂತು ಕೇಳಿದೆವು. ಅಕ್ಕನ ಕತೆ ಹೇಳಿದಿರಿ, ಒಂದಿಷ್ಟೂ ಉಪ್ಪು ಕಾರ ಸೇರಿಸದೆ. ತಪಾಸಕರು ಮುನ್ಸೂಚನೆ ಕೊಡದೆ ಯಾವ ಕಾರ್ಖಾನೆಗಾದರೂ ಬರಬಹುದು ಎಂಬ ಕಾನೂನು ಎರಡು ವರ್ಷದಲ್ಲಿ ಬಂತು. ಅದಕ್ಕೆ ಉದ್ದನೆಯ ಹೆಸರಿದೆ. ನಮ್ಮಲ್ಲಿ ಅದನ್ನು ‘ದೊಡ್ಡಕ್ಕನ ಕಾನೂನು’ ಎಂದೇ ಕರೆಯುತ್ತಿದ್ದರು.

ಆ ಕಾಲದಲ್ಲಿ ನೀವು ಬಸ್ಸಿನಲ್ಲಿ ಬರುತ್ತಿದ್ದಿರಿ. ಬಂದರೆ ಮೊದಲು ಬಾಯ್ಲರ್ ಕೋಣೆಗೆ ಹೋಗಿ ಒತ್ತಡದ ಮುಳ್ಳು ನೋಡುತ್ತಿದ್ದಿರಿ, ಆಮೇಲೆ ನಮ್ಮ ಮುಖ. ಎರಡನೇ ಅವಧಿಯಲ್ಲೂ ಹಾಗೇ. ಮೂರನೆಯದರಲ್ಲಿ ನಿಮ್ಮ ಪಕ್ಷ ಆಳುವವರ ಜೊತೆ ಕೈಜೋಡಿಸಿತು, ನೀವು ಸಮಿತಿಯ ಅಧ್ಯಕ್ಷರಾದಿರಿ. ಒಳ್ಳೆಯದೇ ಆಯಿತು ಎಂದು ನಾನೇ ಎಲ್ಲರಿಗೂ ಸಿಹಿ ಹಂಚಿದೆ. ಅಲ್ಲಿಂದ ನಿಮ್ಮ ಬಾಯಲ್ಲಿ ‘ನೋಡೋಣ’ ಎಂಬ ಹೊಸ ಪದ ಸೇರಿಕೊಂಡಿತು. ಗುತ್ತಿಗೆಯವರನ್ನು ಕಾಯಂ ಮಾಡಿಸಿ ಎಂದರೆ ನೋಡೋಣ. ಕೆಟ್ಟುಹೋದ ಗಾಳಿ ಯಂತ್ರ ಬದಲಿಸಿ ಎಂದರೆ ನೋಡೋಣ. ಏನನ್ನೆಲ್ಲ ನೋಡಿದ್ದೀರೋ ನನಗೆ ತಿಳಿಯದು. ನಮ್ಮನ್ನು ನೋಡಿ ನಾಲ್ಕು ವರ್ಷವಾಗಿತ್ತು.

ಈಗಿನ ಮಸೂದೆ ಏನು ಹೇಳುತ್ತದೆ ಎಂದು ಓದುಗರಿಗೆ ತಿಳಿಸಬೇಕು. ಇನ್ನು ಮುಂದೆ ತಪಾಸಕರು ಬರುವ ಹದಿನೈದು ದಿನ ಮೊದಲು ಆಡಳಿತಕ್ಕೆ ಪತ್ರ ಬರೆಯಬೇಕು. ‘ವಿಶ್ವಾಸದ ವಾತಾವರಣ’ ನಿರ್ಮಿಸಲು ಇದು ಅಗತ್ಯವಂತೆ. ಪ್ರಾಯೋಗಿಕವಾಗಿ ನಮ್ಮ ವಲಯದಲ್ಲಿ ಒಂದು ವರ್ಷದಿಂದ ಇದು ಜಾರಿಯಲ್ಲಿದೆ. ಆ ವಿಶ್ವಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಧ್ಯಕ್ಷರೇ. ಪತ್ರ ಬಂದ ಮರುದಿನ ಗೋಡೆಗೆ ಬಣ್ಣ ಬಂತು. ಹನ್ನೆರಡನೇ ದಿನ ಯಂತ್ರಗಳಿಗೆ ಹೊಸ ತಡೆ ಬಂತು. ಹದಿನಾಲ್ಕನೇ ದಿನ ನಮಗೆ ದಪ್ಪ ಕೈಗವಸು ಕೊಟ್ಟರು. ತಪಾಸಕರು ಬಂದರು, ನಕ್ಕರು, ಬರೆದುಕೊಂಡರು, ಹೋದರು. ಅವರ ಕಾರು ಗೇಟು ದಾಟುವಷ್ಟರಲ್ಲಿ ಉಗ್ರಾಣದವರು ಬುಟ್ಟಿ ಹಿಡಿದು ಬಂದರು, “ಕೈಗವಸು ಕೊಡ್ರಮ್ಮ, ಎಲ್ಲಾ ಜೋಡಿ ವಾಪಸ್ ಹೋಗ್ಬೇಕು” ಎಂದು. ಒಬ್ಬಳು ತಮಾಷೆಗೆ, “ಕೈನೂ ಬಿಚ್ಚಿ ಕೊಡ್ಲಾ?” ಎಂದಳು. ಎಲ್ಲರೂ ನಕ್ಕೆವು. ಮರುಕ್ಷಣ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಈಗ ಎರಡು ಯಂತ್ರಗಳ ತಡೆಯನ್ನು ಮತ್ತೆ ಮೇಲಕ್ಕೆ ಕಟ್ಟಿದ್ದಾರೆ. ಕಟ್ಟಲು ಹರಿದ ಹೊದಿಕೆ ನಮ್ಮಲ್ಲಿ ಎಂದೂ ಕಡಿಮೆಯಾದದ್ದಿಲ್ಲ.

ಮಸೂದೆಗೆ ಬೆಂಬಲವಾಗಿ ನಿಮ್ಮ ಸಮಿತಿಯ ವರದಿ ಬಂದಾಗ ನಾನು ಯೂನಿಯನ್ ಕಚೇರಿಯಲ್ಲಿ ಕೂತು ಅದನ್ನು ಓದಿದೆ. ಅಪಘಾತಗಳಿಗೆ ಮುಖ್ಯ ಕಾರಣ ಕೆಲಸಗಾರರ ಅಜಾಗರೂಕತೆಯೇ ಹೊರತು ತಪಾಸಣೆಯ ಕೊರತೆಯಲ್ಲ ಎಂದು ಅದರ ವಾದ. ಪುರಾವೆಗೆ ನಾಲ್ಕನೇ ಅನುಬಂಧದಲ್ಲಿ ಇಪ್ಪತ್ತು ಪ್ರಕರಣಗಳು. ಮೊದಲನೆಯದು, ಅತಿ ಹಳೆಯದು: ‘ಆಸ್ಪತ್ರೆಯೊಂದರ ಇಸ್ತ್ರಿ ವಿಭಾಗದ ಮೂವತ್ತಮೂರು ವರ್ಷದ ಕೆಲಸಗಾರ್ತಿ.’ ಮೊದಲ ವಿಚಾರಣೆಯ ಅದೇ ಸಾಲು. ಎರಡನೇ ವಿಚಾರಣೆಯ ಸುಳಿವೇ ಇಲ್ಲ. ಯಾರೋ ಗುಮಾಸ್ತರು ಹಳೆಯ ಕಡತದಿಂದ ಎತ್ತಿ ಹಾಕಿರಬೇಕು, ನಿಮ್ಮ ಕಣ್ಣಿಗೆ ಬಿದ್ದಿರಲಾರದು ಎಂದು ನನ್ನ ಮನಸ್ಸು ನಿಮ್ಮ ಪರವಾಗಿ ವಕೀಲಿ ಮಾಡಿತು. ಮೂವತ್ತು ವರ್ಷದ ಅಭ್ಯಾಸ, ಒಂದೇ ದಿನಕ್ಕೆ ಬಿಡುವುದಿಲ್ಲ.

ಮರುದಿನ ರಜೆ ಹಾಕಿ ನಿಮ್ಮ ಕ್ಷೇತ್ರ ಕಚೇರಿಗೆ ಬಂದೆ. ಕಾಯುವ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳಿವೆ, ನೀರಿನ ಯಂತ್ರವಿದೆ, ಗೋಡೆಯ ಮೇಲೆ ಆಳೆತ್ತರದ ಫೋಟೋ ಇದೆ. ಮುಷ್ಕರದ ದಿನಗಳದ್ದು. ನೀವು ಬುಟ್ಟಿಯ ಮೇಲೆ ನಿಂತಿದ್ದೀರಿ, ಪಕ್ಕದಲ್ಲಿ ಬ್ಯಾಂಡೇಜು ಸುತ್ತಿದ ತೋಳನ್ನು ಎದೆಗೆ ಒತ್ತಿ ಹಿಡಿದ ಅಕ್ಕ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ನಿಮ್ಮ ಆಪ್ತ ಕಾರ್ಯದರ್ಶಿಗಳು ಹತ್ತಿರ ಬಂದರು.

“ಐತಿಹಾಸಿಕ ಫೋಟೋ ಮೇಡಂ ಅದು. ಆ ಮಹಿಳೆ ಹುತಾತ್ಮರು.”

“ಅಂದ್ರೆ?”

“ತೀರಿಹೋದ್ರು, ಆ ಅಪಘಾತದಲ್ಲೇ. ಸರ್ ಅವರ ಬಗ್ಗೆ ಹೇಳುವಾಗ ಈಗಲೂ ಕಣ್ಣು ಒದ್ದೆ ಮಾಡ್ಕೋತಾರೆ.”

“ಬೆಳಿಗ್ಗೆ ನಂಗೆ ಟೀ ಮಾಡಿಕೊಟ್ಟು ಕಳಿಸಿದ್ದಾಳೆ ಸ್ವಾಮಿ,” ಎಂದೆ. “ಸಕ್ಕರೆ ಜಾಸ್ತಿ ಹಾಕಿದ್ಲು. ಅದೊಂದು ಬಿಟ್ರೆ ಆರೋಗ್ಯವಾಗೇ ಇದ್ದಾಳೆ.”

ಅವರು ಒಳಗೆ ಓಡಿದರು. ಒಂದೂವರೆ ಗಂಟೆಯಿಂದ ‘ಮೀಟಿಂಗಿನಲ್ಲಿದ್ದ’ ನೀವು ಎರಡೇ ನಿಮಿಷದಲ್ಲಿ ಬಿಡುವಾದಿರಿ. ಬಾಗಿಲಲ್ಲಿ, ನಾಲ್ಕು ಜನರ ಎದುರಿಗೆ, “ಬನ್ನಿ ಮೇಡಂ” ಎಂದಿರಿ. ಬಾಗಿಲು ಮುಚ್ಚಿದ ಮೇಲೆ, “ಚಿಕ್ಕಕ್ಕಾ, ಎಷ್ಟು ವರ್ಷ ಆಯ್ತು! ದೊಡ್ಡಕ್ಕ ಹೇಗಿದ್ದಾಳೆ?” ಎಂದಿರಿ. ನಾನು ತೊಂಬತ್ತಾರನೇ ಪುಟ ತೆರೆದು ನಿಮ್ಮ ಮುಂದಿಟ್ಟೆ.

ನಮ್ಮ ಮಾತನ್ನು ನೆನಪಿರುವಷ್ಟು ಇಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ, ತಿದ್ದಲಾದರೂ ನೀವು ಬಾಯಿ ತೆರೆದಂತಾಗುತ್ತದೆ.

“ನೂರಾ ಹದಿನೆಂಟು ಪುಟದ ವರದಿ ಇದು,” ಎಂದಿರಿ. “ಅನುಬಂಧ ಎಲ್ಲಾ ಅಧಿಕಾರಿಗಳು ತಯಾರು ಮಾಡ್ತಾರೆ.”

“ಸಹಿ?”

“ಸಹಿ ನಂದೇ.”

“ಓದಿರ್ಲಿಲ್ಲ ಅಲ್ವಾ?” ಎಂದೆ. ಹೌದು, ಓದಿರಲಿಲ್ಲ ಎನ್ನಿ ಎಂದು ಒಳಗೊಳಗೇ ಬೇಡಿಕೊಂಡೆ. ಅಷ್ಟು ಹೇಳಿದ್ದರೆ ನಾನು ಎದ್ದು ಮನೆಗೆ ಹೋಗುತ್ತಿದ್ದೆ.

ನೀವು ಮೇಜಿನ ಮೇಲಿನ ಪೇಪರ್‌ವೇಟನ್ನು ಅತ್ತಿಂದಿತ್ತ ಸರಿಸಿದಿರಿ. “ಓದಿದ್ದೆ,” ಎಂದಿರಿ.

ನೀವೇ ಮುಂದುವರಿಸಿದಿರಿ. “ನೋಡು ಚಿಕ್ಕಕ್ಕ, ಈ ಸಮಿತಿಯಲ್ಲಿ ಹದಿನೈದು ಜನ ಇದ್ದಾರೆ, ನಮ್ಮೋರು ಮೂರು. ಅನುಬಂಧಕ್ಕೆ ತಕರಾರು ಎತ್ತಿದ್ರೆ ಮಸೂದೇಲಿರೋ ಪಿಂಚಣಿ ಕಲಂ ಕಿತ್ತುಹಾಕ್ತೀವಿ ಅಂದ್ರು ಉಳಿದೋರು. ಮನೆಗೆಲಸದವರು, ಗುತ್ತಿಗೆಯವರು, ಎಲ್ಲಾ ಸೇರಿ ಎರಡು ಲಕ್ಷ ಜನಕ್ಕೆ ಪಿಂಚಣಿ ಅದು. ಹತ್ತು ವರ್ಷದಿಂದ ಅದಕ್ಕೇ ಹೊಡೆದಾಡಿದೀನಿ. ಒಂದು ಹಳೇ ಸಾಲು ಬಿಟ್ಟುಕೊಟ್ಟೆ, ಎರಡು ಲಕ್ಷ ಜನರನ್ನ ಉಳಿಸ್ಕೊಂಡೆ. ದೊಡ್ಡಕ್ಕ ಅರ್ಥ ಮಾಡ್ಕೋತಾಳೆ.”

“ಅವಳನ್ನ ಕೇಳಿದ್ಯಾ?” ಎಂದೆ. ಸಿಟ್ಟಿನಲ್ಲಿ ಬಹುವಚನ ಬಿದ್ದುಹೋಗಿತ್ತು.

“ಟೈಮ್ ಇರ್ಲಿಲ್ಲ.”

“ನಿನ್ನ ಕೈ ಆಗಿದ್ರೆ ನೀನು ಬಿಟ್ಟುಕೊಡ್ಬಹುದಿತ್ತು ಕಣೋ. ಅದು ಅವಳದ್ದು.”

ಆಪ್ತ ಕಾರ್ಯದರ್ಶಿಗಳು ಬಾಗಿಲು ತಟ್ಟಿದರು, ಯಾವುದೋ ನಿಯೋಗ ಬಂದಿತ್ತು. ನಾನು ಎದ್ದು ಬಂದೆ.

ಅಧ್ಯಕ್ಷರೇ, ನಿಮ್ಮ ವಾದವನ್ನು ನಾನು ತಳ್ಳಿಹಾಕಿಲ್ಲ. ಒಂದು ವಾರ ಅದನ್ನೇ ಮಗುಚಿ ಮಗುಚಿ ಯೋಚಿಸಿದೆ. ಎರಡು ಲಕ್ಷ ಜನರ ಪಿಂಚಣಿ ಸಣ್ಣ ಮಾತಲ್ಲ. ನನ್ನ ಪಕ್ಕದ ಮನೆಯ ಅಡುಗೆಯವಳಿಗೆ ಅದು ಸಿಗುತ್ತದೆ, ಸಿಗಲಿ, ನೂರು ವರ್ಷ ಬಾಳಲಿ. ಆದರೆ ಬದಲಿಗೆ ನೀವು ಕೊಟ್ಟದ್ದು ಒಂದು ಹಳೇ ಸಾಲೇ? ಆ ಸಾಲಿನ ಹೆಗಲ ಮೇಲೆ ಇಡೀ ಮಸೂದೆ ನಿಂತಿದೆ. ಕೆಲಸಗಾರರೇ ಅಜಾಗರೂಕರು ಎಂದಾದ ಮೇಲೆ ಹೇಳದೆ ಕೇಳದೆ ಬರುವ ತಪಾಸಕರು ಯಾಕೆ ಬೇಕು? ಪಿಂಚಣಿ ಅರವತ್ತಕ್ಕೆ ಸಿಗುತ್ತದೆ. ಮೇಲಕ್ಕೆ ಕಟ್ಟಿದ ತಡೆಯ ಮುಂದೆ ಇವತ್ತು ನಿಂತಿರುವ ಇಪ್ಪತ್ತೈದು ವರ್ಷದವಳು ಆ ಅರ್ಜಿಗೆ ಯಾವ ಕೈಯಿಂದ ಸಹಿ ಹಾಕಬೇಕು? ಇನ್ನೊಂದು ಮಾತು. ಹಳೆಯ ಆಡಳಿತದವರು ಆ ಸಾಲು ಬರೆದಾಗ ನಮಗೆ ಸಿಟ್ಟು ಬಂದಿತ್ತು, ನೋವಾಗಿರಲಿಲ್ಲ. ಅವರಿಂದ ನಾವು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಅವರಿಗೆ ಸತ್ಯ ಗೊತ್ತಿರಲಿಲ್ಲವೆಂದು ಬೇಕಾದರೂ ಅಂದುಕೊಳ್ಳಬಹುದಿತ್ತು. ನಿಮ್ಮ ವಿಷಯದಲ್ಲಿ ನಾನು ಏನೆಂದುಕೊಳ್ಳಲಿ? ‘ಅನುಬಂಧ’ ಎಂಬ ಶಬ್ದಕ್ಕೆ ನಂಟು ಎಂದೂ ಅರ್ಥವಿದೆ. ನಮ್ಮ ನಂಟನ್ನು ನೀವು ನಾಲ್ಕನೇ ನಂಬರು ಹಾಕಿ ಕಡತಕ್ಕೆ ಸೇರಿಸಿದ್ದೀರಿ.

ಈ ಪತ್ರ ಬರೆಯುವ ಸುದ್ದಿ ಹೇಗೋ ಹೊರಬಿದ್ದು ನಿಮ್ಮ ಪಕ್ಷದ ಶಾಖಾ ಕಾರ್ಯದರ್ಶಿಗಳು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಮುಷ್ಕರದಲ್ಲಿ ನಮ್ಮ ಜೊತೆ ಬಟ್ಟೆ ಹಿಂಡಿದವರು. “ಹೊರಗಿನೋರ ಕೈಗೆ ಕೋಲು ಕೊಟ್ಟಂಗಾಗುತ್ತೆ ಕಣಮ್ಮ. ನಮ್ಮ ನಮ್ಮಲ್ಲೇ ಮಾತಾಡಿ ಸರಿ ಮಾಡ್ಕೊಳ್ಳೋಣ,” ಎಂದರು. ‘ನಮ್ಮ ನಮ್ಮಲ್ಲೇ’ ಎಂದರೆ ಯಾರ ಯಾರಲ್ಲಿ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಟೀ ಕುಡಿದರು. ಹೊರಡುವಾಗ ಅಕ್ಕನ ಕಡೆ ತಿರುಗಿ, “ತಪ್ಪಾಯ್ತು ಅಕ್ಕಾ” ಎಂದು ಹೇಳಿ ಹೋದರು. ಅವರ ತಪ್ಪೇನೂ ಇರಲಿಲ್ಲ. ಹೇಳಬೇಕಾದವರ ಬದಲಿಗೆ ಅವರು ಹೇಳಿದರು.

ಅಲ್ಲಿಯವರೆಗೆ ನಾನು ಅಕ್ಕನಿಂದ ವರದಿಯನ್ನು ಬಚ್ಚಿಟ್ಟಿದ್ದೆ. ಅವರು ಹೋದ ಮೇಲೆ ಅವಳು, “ಯಾವ ತಪ್ಪು?” ಎಂದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಟವೆಲು ಮಡಚುತ್ತಿದ್ದಳು. ಗಲ್ಲದಿಂದ ಒಂದು ತುದಿ ಒತ್ತಿ ಹಿಡಿದು ಮಡಚುವುದನ್ನು ಅವಳು ಕೈ ಹೋದ ವರ್ಷವೇ ಕಲಿತಿದ್ದಳು. ನಾನು ಆ ಪುಟ ಓದಿದೆ.

“ಅಜಾಗರೂಕತೆ ಅಂದ್ರೆ ನಿಗಾ ಇಲ್ದೋಳು ಅಂತ ತಾನೇ?”

“ಹೂಂ.”

“ಸಹಿ ಹಾಕೋ ಮುಂಚೆ ಓದಿದ್ನಂತಾ?”

ಸುಳ್ಳು ಹೇಳೋಣ ಅನ್ನಿಸಿತು. ಹೇಳಲಿಲ್ಲ. “ಓದಿದ್ನಂತೆ.”

ಅವಳು ಮಡಚಿದ ಟವೆಲನ್ನು ಬಿಚ್ಚಿದಳು. ಮತ್ತೆ ಮಡಚಿದಳು. ಅಳಲಿಲ್ಲ, ಬೈಯಲಿಲ್ಲ. ಆಮೇಲೆ, “ನಾನು ನಿಗಾ ಇಟ್ಟು ಕೆಲ್ಸ ಮಾಡ್ತಿದ್ದೆ ಕಣೇ,” ಎಂದಳು. “ನೀನು ನೋಡಿದೀಯಲ್ಲ.” ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ನನ್ನ ಹತ್ತಿರ ಅವಳು ಸಾಕ್ಷಿ ಕೇಳುತ್ತಿದ್ದಳು. ಕೈ ಹೋದ ದಿನವೂ ನನಗೆ ಅವಳ ಮುಖ ನೋಡಲು ಅಷ್ಟು ಕಷ್ಟವಾಗಿರಲಿಲ್ಲ.

ಇನ್ನು ನನ್ನ ಬೇಡಿಕೆ. ರಾಜೀನಾಮೆ ಕೊಡಿ ಎಂದು ಕೇಳುವುದಿಲ್ಲ. ಕೊಟ್ಟರೆ ಆ ಕುರ್ಚಿಯಲ್ಲಿ ಬಂದು ಕೂರುವವರು ಯಾರೆಂದು ನನಗೂ ಗೊತ್ತಿದೆ. ಪಿಂಚಣಿ ಕಲಮನ್ನು ಬಿಡಿ ಎಂದೂ ಕೇಳುವುದಿಲ್ಲ. ಪರಿಚಯ ಪುಸ್ತಕದ ನನ್ನ ವಾಕ್ಯವನ್ನು ವಾಪಸು ಕೊಡಿ ಎಂದು ಕೇಳಬೇಕೆಂದಿದ್ದೆ, ಆದರೆ ಅದು ನನ್ನ ಜಂಬದ ಮಾತಾಗುತ್ತದೆ, ಬಿಟ್ಟೆ. ನಾನು ಕೇಳುತ್ತಿರುವುದು ಒಂದು ಸಹಿ.

ಮುಂದಿನ ಮಂಗಳವಾರ ಮಸೂದೆ ಸದನದಲ್ಲಿ ಚರ್ಚೆಗೆ ಬರುತ್ತದೆ. ಸಮಿತಿಯ ಅಧ್ಯಕ್ಷರಾಗಿ ವರದಿಯ ಪರ ಮೊದಲು ಮಾತನಾಡುವವರು ನೀವು. ಅವತ್ತು ಸಾರ್ವಜನಿಕರ ಗ್ಯಾಲರಿಯಲ್ಲಿ ಕೂರಬೇಕೆಂದು ಅಕ್ಕ ಹಟ ಹಿಡಿದಿದ್ದಾಳೆ. “ಬೈಯೋಕಲ್ಲ. ಅವನು ಹೇಳೋದನ್ನ ಎದುರಿಗೆ ಕೂತು ಕೇಳ್ಬೇಕು,” ಎನ್ನುತ್ತಾಳೆ. ಗ್ಯಾಲರಿಯ ಪಾಸಿಗೆ ಅವರವರ ಕ್ಷೇತ್ರದ ಸದಸ್ಯರ ಸಹಿ ಬೇಕೆಂಬುದು ನಿಯಮ. ಎರಡು ಸಲ ಅರ್ಜಿ ಕಳಿಸಿದೆವು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದು ‘ಸ್ಥಳಾವಕಾಶದ ಕೊರತೆ’ ಎಂಬ ಮುದ್ರೆ ಹೊತ್ತು ವಾಪಸು ಬಂತು. ಐನೂರು ಆಸನಗಳ ಗ್ಯಾಲರಿಯಲ್ಲಿ ಅರವತ್ತೆರಡು ವರ್ಷದ ಒಬ್ಬ ಹೆಂಗಸು ಕೂರುವಷ್ಟು ಜಾಗವಿಲ್ಲವೇ? ಅಥವಾ ಜಾಗದ ಕೊರತೆ ಇರುವುದು ಬೇರೆಲ್ಲೋ?

ಇದು ಮೂರನೆಯ ಅರ್ಜಿ. ಊರೆಲ್ಲ ನೋಡುವ ಹಾಗೆ ಹಾಕಿದ್ದೇನೆ, ಅಂಚೆಯಲ್ಲಿ ಕಳೆದುಹೋಗದಿರಲಿ ಎಂದು. ಅಕ್ಕ ಅಲ್ಲಿ ಕೂಗುವುದಿಲ್ಲ, ಘೋಷಣೆ ಹಾಕುವುದಿಲ್ಲ, ನಿಯಮದ ಪ್ರಕಾರ ಚೀಲ ಹೊರಗಿಟ್ಟು, ಫೋನು ಕೊಟ್ಟು, ಸುಮ್ಮನೆ ಕೂರುತ್ತಾಳೆ. ನೀವು ಎದ್ದು ನಿಲ್ಲಿ. ವರದಿಯಲ್ಲಿರುವುದನ್ನೇ ಹೇಳಬೇಕೆನಿಸಿದರೆ ಅದನ್ನೇ ಹೇಳಿ, ಯಾರೂ ನಿಮ್ಮನ್ನು ತಡೆಯುವುದಿಲ್ಲ. ಒಂದು ಸಲ ಕತ್ತೆತ್ತಿ ಗ್ಯಾಲರಿಯ ಕಡೆ ನೋಡಿ, ಆಮೇಲೆ ಹೇಳಿ.

ಪಾಸಿಗೆ ಸಹಿ ಹಾಕಿ.

ಇಂತಿ,
ಸದ್ಯದ ಮಟ್ಟಿಗೆ ತಮ್ಮ ಕ್ಷೇತ್ರದ ಮತದಾರಳೇ ಆಗಿರುವ,
ಇಸ್ತ್ರಿ ವಿಭಾಗದ ಚಿಕ್ಕಕ್ಕ